ಮೂರು ಗಂಟೆಗೆ ಬಂದವನು

ಕಾಪುವಿನ ಒಂದು ಟ್ರಾವೆಲ್ಸ್‌ನಲ್ಲಿ ಟಿಕೆಟ್ ಮಾಡುವವಳು ನಾನು, ಮನೋರಮಾ. ಮಂಗಳೂರಿನಿಂದ ದುಬೈಗೆ ಎರಡೂವರೆ ಸಾವಿರ ಕಿಲೋಮೀಟರ್ ಹತ್ತಿರ, ಮೂರೂವರೆ ಗಂಟೆಯ ದಾರಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆ ಜಂಬವೇ ನನ್ನನ್ನು ತಿಂದದ್ದು.

೨೦೦೭ರ ಮೇ ತಿಂಗಳು. ಎರ್ಮಾಳಿನಲ್ಲಿ ನಮ್ಮ ನೆರೆಮನೆಯ ಬೂಬಣ್ಣ ತೀರಿಕೊಂಡರು. ಒಬ್ಬನೇ ಮಗ ಲಕ್ಷಿತ್ ದುಬೈಯಲ್ಲಿ. ಅವನೇ ಬಂದು ಬೆಂಕಿ ಇಡಬೇಕೆಂದು ಪುಷ್ಪಕ್ಕ ಗಂಡನ ಹೆಣ ಎತ್ತಲು ಬಿಡಲಿಲ್ಲ. ಮೀನಿಗೆ ಹಾಕುವ ಐಸನ್ನೇ ತಂದು ಸುತ್ತ ಇಟ್ಟರು. ಮರುದಿನ ಬೆಳಿಗ್ಗೆ ಲಕ್ಷಿತ್ ಫೋನ್ ಮಾಡಿ, “ಹತ್ತೂವರೆಗೆ ವಿಮಾನ” ಎಂದಷ್ಟೇ ಹೇಳಿ ಇಟ್ಟ.

ಊರಿನ ಹಿರಿಯರಾದ ಗುರಿಕಾರರು ನನ್ನನ್ನು ಕರೆದರು. “ಎಷ್ಟು ಹೊತ್ತಿಗೆ ಮುಟ್ಟುತ್ತಾನೆ ಮಾರಾಯ್ತಿ? ಐಸ್ ಕರಗುತ್ತಾ ಉಂಟು.”

ಹಾರಾಟಕ್ಕೆ ಮೂರೂವರೆ, ರಸ್ತೆಗೆ ಒಂದು. “ಮೂರು ಗಂಟೆಗೆ ಅಂಗಳದಲ್ಲಿ ಇರುತ್ತಾನೆ” ಎಂದೆ.

“ಹಾಗಾದರೆ ಮೂರು. ಆಮೇಲೆ ಕಾಯಲಿಕ್ಕೆ ಆಗುವುದಿಲ್ಲ.”

ಪುಷ್ಪಕ್ಕ ನನ್ನ ಕೈ ಹಿಡಿದುಕೊಂಡರು. “ಬರುತ್ತಾನೆ ಅಲ್ವಾ?”

ಎರಡೂ ಮುಕ್ಕಾಲಿಗೆ ನನ್ನ ತಪ್ಪು ಹೊಳೆಯಿತು. ಅವನು ಹೇಳಿದ್ದು ದುಬೈಯ ಹತ್ತೂವರೆ. ನಮ್ಮ ಗಡಿಯಾರ ಒಂದೂವರೆ ಗಂಟೆ ಮುಂದೆ, ಅಂದರೆ ಇಲ್ಲಿಯ ಹನ್ನೆರಡು. ಲಕ್ಷಿತ್ ಇನ್ನೂ ಸಮುದ್ರದ ಮೇಲೆ ಹಾರುತ್ತಿದ್ದ. ಹೇಗೆ ಬಾಯಿ ಬಿಡುವುದೆಂದು ತಿಳಿಯದೆ ಕೂತೆ. ಕೊನೆಗೆ ಧೈರ್ಯ ಮಾಡಿ ಎದ್ದಾಗ ಸರಿಯಾಗಿ ಮೂರು ಗಂಟೆ.

ಲಕ್ಷಿತ್ ಅಂಗಳಕ್ಕೆ ಬಂದ.

ಕೈಯಲ್ಲಿ ಚೀಲವಿರಲಿಲ್ಲ. ಎರಡು ವರ್ಷದ ಹಿಂದೆ ಹೋಗುವಾಗ ತೊಟ್ಟಿದ್ದ ನೀಲಿ ಚೌಕುಳಿ ಅಂಗಿಯನ್ನೇ ತೊಟ್ಟಿದ್ದ. ವಿಮಾನದಲ್ಲಿರಬೇಕಾದವನು ಇಲ್ಲಿಗೆ ಹೇಗೆ ಬಂದ? ಆದರೂ ಮಾತಾಡಲಿಲ್ಲ. ಮಾನ ಉಳಿಯಿತಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು, ನಾಚಿಕೆಗೆಟ್ಟವಳು ನಾನು.

ಅವನು ತುಟಿ ಎರಡು ಮಾಡಲಿಲ್ಲ. ಅಪ್ಪನ ಬಾಯಿಗೆ ನೀರು ಬಿಟ್ಟ, ಹೆಗಲು ಕೊಟ್ಟ, ಕಡಲ ಬದಿಯಲ್ಲಿ ಬೆಂಕಿ ಇಟ್ಟ. ಸ್ನಾನಕ್ಕೆಂದು ನೀರಿಗೆ ಇಳಿದವನು ಹಿಂದೆ ಬರಲಿಲ್ಲ. ಎಲ್ಲಿಯೋ ಒಬ್ಬನೇ ಕೂತು ಅಳುತ್ತಿರಬೇಕೆಂದು ಯಾರೂ ಹುಡುಕಲು ಹೋಗಲಿಲ್ಲ.

ನಾಲ್ಕೂವರೆಗೆ ಅಂಗಳದ ಎದುರು ಬಾಡಿಗೆ ಕಾರೊಂದು ಬಂದು ನಿಂತಿತು. ಕಂಪೆನಿಯ ಬಿಳಿ ಅಂಗಿ ತೊಟ್ಟಿದ್ದ ಲಕ್ಷಿತ್ ಬ್ಯಾಗು ಬಿಸಾಡಿ ಓಡಿಬಂದ. ಕಡಲ ಬದಿಯ ಹೊಗೆ ಕಂಡದ್ದೇ ಅಲ್ಲೇ ಕುಸಿದ.

“ಸ್ವಲ್ಪ ಹೊತ್ತು ಕಾಯಲಿಕ್ಕೆ ಆಗಲಿಲ್ವಾ? ಯಾರು ಬೆಂಕಿ ಇಟ್ಟದ್ದು?”

ಪುಷ್ಪಕ್ಕ ಅವನ ಮುಖ ಸವರಿದರು, ಅಂಗಿ ಹಿಡಿದು ನೋಡಿದರು. “ನೀನೇ ಅಲ್ವಾ ಮಗಾ? ಮೂರಕ್ಕೆ ಬಂದಿದ್ದಿ. ಆ ನೀಲಿ ಅಂಗಿ ಎಲ್ಲಿ?”

“ಅದು ದುಬೈಯಲ್ಲಿ ರೂಮಿನಲ್ಲಿ ಉಂಟಮ್ಮ.”

ಗುರಿಕಾರರು ಮೆಲ್ಲನೆ ನನ್ನ ಕಡೆ ತಿರುಗಿದರು. ಮೂರು ಗಂಟೆ ಎಂದು ಹೇಳಿದ್ದವಳು ನಾನೊಬ್ಬಳೇ. ಅದನ್ನು ಕೇಳಿಸಿಕೊಂಡು ಯಾರೋ ಹೊತ್ತಿಗೆ ಸರಿಯಾಗಿ ಬಂದಿದ್ದರು.