ಮೂರು ಮಕ್ಕಳ ಸಂಸಾರ

ತಾಯಿ ಪಕ್ಕದ ಸೀಟಿನಿಂದಲೇ ಮತ್ತೆ ಬ್ರೇಕ್ ತುಳಿದರು.

ಕಾರು ಮುಗ್ಗರಿಸಿ ನಿಂತಿತು. ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲಿದ್ದ ಬುಟ್ಟಿಯೊಳಗಿಂದ ಬೆಕ್ಕು ಶಾಪ ಹಾಕಿತು. ನಾಯಿ ಉರುಳಿ ಹೆಂಡತಿಯ ಪಾದದ ಮೇಲೆ ಬಿತ್ತು.

“ಅಮ್ಮ, ಕಾಲು ತೆಗಿ. ಅದು ಕಾಲಿಡೋ ಮಣೆ ಅಲ್ಲ,” ಎಂದರು ಮೇಷ್ಟ್ರು.

“ನೀನು ಜೋರಾಗಿ ಹೋದ್ರೆ ನಾನು ತುಳಿಯೋದೇ. ಕಂಡವರ ಮಕ್ಕಳಿಗೆಲ್ಲ ನೀನು ತುಳಿದಿಲ್ವಾ? ನನ್ನ ಮಗನಿಗೆ ನಾನು ತುಳಿದ್ರೆ ತಪ್ಪಾ?”

ಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ, ಕಾರು ಓಡಿಸುವುದನ್ನು ಕಲಿಸುತ್ತಿದ್ದವರು. ಕಲಿಯುವವರ ಕೈಗೆ ತಮ್ಮ ಜೀವ ಕೊಟ್ಟು ಪಕ್ಕದಲ್ಲಿ ಕೂರುವುದು, ಕಾಲಡಿಯ ಎರಡನೇ ಬ್ರೇಕಿನಿಂದ ಅದನ್ನು ವಾಪಸು ಪಡೆಯುವುದು, ಇದೇ ಅವರ ವೃತ್ತಿ. ಕಾಯಿಲೆ ಬಂದು ಜಗತ್ತಿಗೇ ಬೀಗ ಬಿದ್ದಾಗ, ಅಪರಿಚಿತರ ಪಕ್ಕ ಮೊಣಕೈ ತಾಗಿಸಿ ಕೂರುವ ಈ ವಿದ್ಯೆಯನ್ನು ಕೇಳುವವರಿಲ್ಲದೆ ಶಾಲೆ ಮುಚ್ಚಿತು. ಅವರ ಪಾಲಿಗೆ ಉಳಿದದ್ದು ಈ ಕಾರು. ಹಿಂದಿನ ಗಾಜಿನ ಮೇಲೆ ‘ಕಲಿಯುತ್ತಿದ್ದೇವೆ, ದೂರವಿರಿ’ ಎಂಬ ಬರಹ ಹಾಗೇ ಇತ್ತು. ಈ ಕಾಲಕ್ಕೆ ಅದನ್ನು ಅಳಿಸುವುದು ಬೇಡವೆಂದು ಬಿಟ್ಟಿದ್ದರು.

ಅದೇ ಹೊತ್ತಿಗೆ ಹೆಂಡತಿಗೆ ಗುರುತು ಪರಿಚಯವಿಲ್ಲದ ಊರೊಂದರ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮನೆ ಹುಡುಕುವ ಹೊಣೆ ಮನೆಯಲ್ಲೇ ಕೂತಿದ್ದ ಮೇಷ್ಟ್ರ ತಲೆಗೆ ಬಂತು. ಫೋನಿನಲ್ಲಿ ಯಾರನ್ನು ಕೇಳಿದರೂ ಕಥೆ ಒಂದೇ. ‘ಆಸ್ಪತ್ರೆ’ ಎಂದ ಕೂಡಲೇ ಖಾಲಿಯಿದ್ದ ಮನೆಗೆ ಯಾರೋ ಆಗಲೇ ಬಂದುಬಿಟ್ಟಿರುತ್ತಿದ್ದರು. ಆಸ್ಪತ್ರೆಯನ್ನು ದಾಟಿದರೆ ನಾಯಿ, ನಾಯಿಯನ್ನು ದಾಟಿದರೆ ಬೆಕ್ಕು. ಕೊನೆಗೆ ಸಿಕ್ಕವರು ಹುಡುಗಿಯರ ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದು ನಿವೃತ್ತರಾದ ಒಬ್ಬ ಮಹಿಳೆ. ಮನೆಯ ಮುಂಭಾಗದಲ್ಲಿ ತಾವಿದ್ದು, ಹಿಂಭಾಗವನ್ನು ಬಾಡಿಗೆಗೆ ಕೊಡುತ್ತಿದ್ದರು.

“ಪ್ರಾಣಿಗೀಣಿ ಇಲ್ಲ ತಾನೇ?” ಎಂದು ಅವರು ಕೇಳಿದ್ದರು. “ನಂಗೆ ಆಗಿಬರಲ್ಲ.”

“ಮಕ್ಕಳಿರೋ ಮನೆ ಅಮ್ಮ ನಮ್ದು,” ಎಂದಿದ್ದರು ಮೇಷ್ಟ್ರು. ಅದು ಸುಳ್ಳಲ್ಲ.

“ಒಳ್ಳೇದಾಯ್ತು. ಮನೇಲಿ ಮಕ್ಕಳ ಗಲಾಟೆ ಕೇಳಿ ಯಾವ ಕಾಲವಾಯ್ತೋ. ಎಷ್ಟು ಮಕ್ಕಳು?”

ಮೇಷ್ಟ್ರು ಅಲ್ಲೇ ಬ್ರೇಕ್ ಹಾಕಬಹುದಿತ್ತು. ಹಾಕಲಿಲ್ಲ. “ಮೂರು. ದೊಡ್ಡವಳು ಐದನೇ ಕ್ಲಾಸು. ಆಮೇಲೆ ಗುಂಡ, ಆಮೇಲೆ ಪುಟ್ಟಿ.”

“ಪುಟ್ಟಿ ಸ್ಕೂಲಿಗೆ ಹೋಗ್ತಾಳಾ?”

“ಇನ್ನೂ ಇಲ್ಲ. ಮೂರು ಹೊತ್ತೂ ನಿದ್ದೆ.”

ಈ ಸಂಭಾಷಣೆಯನ್ನು ಮೇಷ್ಟ್ರು ಹೆಂಡತಿಗೆ ಹೇಳಿದ್ದು ಅರ್ಧ ದಾರಿ ಬಂದ ಮೇಲೆ, ಹಿಂದೆ ತಿರುಗಿ ಹೋಗಲು ಆಗದ ಕಡೆ. ಆಕೆ ಪಾದದ ಮೇಲಿದ್ದ ನಾಯಿಯನ್ನು ಪಕ್ಕಕ್ಕೆ ಸರಿಸಿದಳು. “ನನ್ನ ಕೆಲಸದ ವಿಷಯ?” ಎಂದು ಕೇಳಿದಳು.

“ಅವರು ಕೇಳಲಿಲ್ಲ.”

“ನೀವು ಹೇಳಲಿಲ್ಲ.”

“ಹೇಳಿದ್ರೆ ಎಲ್ಲಿರ್ತಿದ್ವಿ ಕಣೇ? ಈ ಕಾರಲ್ಲಾ?”

ಹೊಸ ಊರಿನ ರಸ್ತೆಗಳಲ್ಲಿ ನರಪಿಳ್ಳೆಯೂ ಇರಲಿಲ್ಲ. ಪ್ರತಿ ಮನೆಯ ಪರದೆಯೂ ಒಂದಿಷ್ಟು ಸರಿದು, ಕಾರು ದಾಟಿದ ಮೇಲೆ ಮುಚ್ಚಿಕೊಂಡಿತು. ವಾರ್ಡನ್ನಮ್ಮ ಮುಂದಿನ ಕಿಟಕಿಯ ಸರಳುಗಳ ಹಿಂದೆ ಕಾಯುತ್ತಿದ್ದರು. ಮಾಸ್ಕಿನೊಳಗಿನ ಉಸಿರಿಗೆ ಕನ್ನಡಕ ಮಂಜಾಗಿತ್ತು. ಆದರೂ ತಲೆ ಎಣಿಸುವ ಅಭ್ಯಾಸ ಹೋಗಿರಲಿಲ್ಲ.

“ಅದು ದೊಡ್ಡವಳು. ಗುಂಡ ಎಲ್ಲಿ?”

ಮೇಷ್ಟ್ರು ಆಗಲೇ ಗುಂಡನನ್ನು ಹೊದಿಕೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದರು. “ನಿದ್ದೆ ಮಾಡ್ತಿದ್ದಾನಮ್ಮ,” ಎಂದು ಪಿಸುಗುಟ್ಟುತ್ತಾ ಅಂಗಳ ದಾಟತೊಡಗಿದರು. ಎಂದೂ ಎತ್ತಿಕೊಳ್ಳದವರು ಇಂದು ಎತ್ತಿಕೊಂಡ ಸಂತೋಷಕ್ಕೆ ಹೊದಿಕೆಯ ತುದಿಯಿಂದ ಬಾಲವೊಂದು ಹೊರಬಂದು ಆಡತೊಡಗಿತು.

“ಕಾಲು ಮುಚ್ರೀ, ಪಾಪ, ಶೀತ ಆಗುತ್ತೆ,” ಎಂದರು ವಾರ್ಡನ್ನಮ್ಮ.

ಮೇಷ್ಟ್ರು ಬಾಲವನ್ನು ಒಳಕ್ಕೆ ತುರುಕಿದರು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡರು. ಹೆಂಡತಿ ಮಾತ್ರ ನೆಲ ನೋಡುತ್ತಾ ನಡೆದಳು. ಆ ನಡಿಗೆಯನ್ನು ಮೇಷ್ಟ್ರು ಬಲ್ಲರು. ಅದು ಹೊಟ್ಟೆಯಲ್ಲಿ ಮಾತು ಕುದಿಯುತ್ತಿರುವವರ ನಡಿಗೆ.

ಒಳಗೆ ಇಳಿಸಿದ ಕೂಡಲೇ ಗುಂಡ ಹೊಸ ಮನೆಯ ಗೋಡೆಗಳನ್ನು ಮೂಸಿ, ತನ್ನ ಅಭಿಪ್ರಾಯವನ್ನು ಗಟ್ಟಿ ದನಿಯಲ್ಲಿ ತಿಳಿಸಿತು. ಎರಡು ಭಾಗಗಳ ನಡುವಿನ ಬಾಗಿಲ ಚಿಲಕ ಸರಿಯಿತು. ವಾರ್ಡನ್ನಮ್ಮ ಕನ್ನಡಕ ಒರೆಸಿಕೊಂಡು ಒಳಗೇ ಬಂದುಬಿಟ್ಟರು.

“ಇದು ಗುಂಡನಾ?”

“ಹೌದು.”

“ಆ ಬುಟ್ಟಿಯಲ್ಲಿರೋದು ಪುಟ್ಟಿ.”

“ಹೌದಮ್ಮ.”

“ನಾನು ಸಾವಿರ ಹುಡುಗೀರ ಸುಳ್ಳು ಕೇಳಿದೀನಿ ಮೇಷ್ಟ್ರೇ. ಬಾಲ ಇರೋ ಸುಳ್ಳು ಇದೇ ಮೊದಲು.”

“ಇನ್ನೊಂದಿದೆ ಅಮ್ಮ,” ಎಂದಳು ಹೆಂಡತಿ. “ನಾನು ಕೆಲಸಕ್ಕೆ ಸೇರ್ತಿರೋದು ಇಲ್ಲಿನ ಆಸ್ಪತ್ರೆ ಲ್ಯಾಬಲ್ಲಿ. ಇದೇ ಕಾಯಿಲೆಯ ಪರೀಕ್ಷೆ ಮಾಡೋದು. ಹೇಳದೆ ಬಂದದ್ದು ತಪ್ಪು.”

ವಾರ್ಡನ್ನಮ್ಮ ಎರಡು ಹೆಜ್ಜೆ ಹಿಂದೆ ಸರಿದರು. ಬಾಗಿಲತ್ತ ಕೈ ತೋರಿಸಿ, “ಸಾಮಾನು ಇಳಿಸಬೇಡಿ,” ಎಂದರು. ಅಷ್ಟರಲ್ಲಿ ಆರೋಗ್ಯ ಕೇಂದ್ರದವನು ಅಂಗಳಕ್ಕೆ ಬಂದ. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕು ತೊಟ್ಟ ಅವನು ದಣಿದಿದ್ದ. ಹೊರ ಊರಿನಿಂದ ಬಂದವರು ಎರಡು ವಾರ ಮನೆ ಬಿಟ್ಟು ಕದಲಬಾರದೆಂದು ಹೇಳಿ, ಗೇಟಿಗೆ ಕೆಂಪು ಚೀಟಿ ಅಂಟಿಸತೊಡಗಿದ.

“ಅಂಟಿಸಬೇಡಪ್ಪ, ಇವರು ಈಗಲೇ ಹೊರಡ್ತಾರೆ,” ಎಂದರು ವಾರ್ಡನ್ನಮ್ಮ.

“ಬಂದವರು ಹೋಗೋ ಹಾಗಿಲ್ಲಮ್ಮ. ನೀವು ಯಾರು?”

“ನಾನು ಮನೆ ಓನರ್ರು.”

“ಅವರ ಜೊತೆ ಒಳಗೇ ನಿಂತಿದೀರಲ್ಲ?”

“ನನ್ನ ಮನೆ. ನಾನು ಎಲ್ಲಿ ಬೇಕಾದ್ರೂ ನಿಲ್ತೀನಿ.”

“ಹಾಗಾದ್ರೆ ನಿಲ್ಲಿ,” ಎಂದು ಅವನು ಚೀಟಿಯ ಮೇಲೆ ಇನ್ನೊಂದು ತಲೆ ಸೇರಿಸಿದ. “ನೀವೂ ಎರಡು ವಾರ.”

ವಾರ್ಡನ್ನಮ್ಮ ಸಾವರಿಸಿಕೊಂಡು ಹೇಳಿದ್ದು ಒಂದೇ ಮಾತು: “ಈ ಚೀಟಿ ಕಿತ್ತ ದಿನ ನೀವು ಖಾಲಿ ಮಾಡಬೇಕು.” ನಡುವಿನ ಬಾಗಿಲು ಧಡಾರೆಂದು ಮುಚ್ಚಿತು.

ಆ ಎರಡು ವಾರ ಮೇಷ್ಟ್ರಿಗೆ ಹಾಸ್ಟೆಲ್ಲಿನಲ್ಲಿ ಇದ್ದಂತೆಯೇ ಆಯಿತು. ಬಾಗಿಲಾಚೆಯಿಂದ ಆಜ್ಞೆಗಳು ಬರುತ್ತಿದ್ದವು. ಬೆಳಿಗ್ಗೆ ನಲ್ಲಿ ತಿರುಗಿಸುವ ಹೊತ್ತು ಇಂಥದ್ದು, ನಾಯಿ ಬೊಗಳುವ ಹೊತ್ತು ಯಾವುದೂ ಅಲ್ಲ. ಅಂಗಡಿಯವನು ಗೇಟಿನ ಹೊರಗೆ ಚೀಲವಿಟ್ಟು ಓಡಿಹೋಗುತ್ತಿದ್ದ. ತರಕಾರಿಯನ್ನು ತಾಯಿ ಎರಡು ಪಾಲು ಮಾಡಿ, ಒಂದನ್ನು ಬಾಗಿಲ ಬಳಿ ಇಡುತ್ತಿದ್ದರು. “ಬದನೆಕಾಯಿ ಹುಳುಕು,” ಎಂದು ಆಚೆಯಿಂದ. “ನಮ್ಮದೂ ಹುಳುಕೇ, ಬದಲಾಯಿಸಿಕೊಳ್ತೀರಾ?” ಎಂದು ಈಚೆಯಿಂದ. ಹೀಗೆ ಶುರುವಾದ ಜಗಳ ದಿನದಿನಕ್ಕೆ ಉದ್ದವಾಗುತ್ತಾ, ಇಬ್ಬರೂ ಬಾಗಿಲ ಅತ್ತಿತ್ತ ಕುರ್ಚಿ ಹಾಕಿಕೊಂಡು ನಡೆಸುವ ಮಟ್ಟಕ್ಕೆ ಬಂತು. ಮೇಷ್ಟ್ರು ಮಾತ್ರ ಪೆಟ್ಟಿಗೆಗಳನ್ನು ಬಿಚ್ಚಲೇ ಇಲ್ಲ. ಹಗಲೆಲ್ಲ ಬೇರೆ ಮನೆಗಳಿಗೆ ಫೋನು ಮಾಡುತ್ತಿದ್ದರು. ಈಗ ಮೊದಲ ಮಾತಿಗೇ ನಾಯಿ, ಬೆಕ್ಕು, ಆಸ್ಪತ್ರೆ ಎಲ್ಲವನ್ನೂ ಹೇಳುತ್ತಿದ್ದರು. ಆದ್ದರಿಂದ ಕರೆಗಳು ಬೇಗ ಮುಗಿಯುತ್ತಿದ್ದವು.

ಎರಡನೇ ವಾರದ ಒಂದು ಬೆಳಿಗ್ಗೆ ಆಜ್ಞೆ ಬರಲಿಲ್ಲ. ಬಂದದ್ದು ಸೀನು. ಒಂದಲ್ಲ, ಸರಮಾಲೆ. ತಾಯಿ ಬಾಗಿಲು ತಟ್ಟಿದರೆ, “ಏನಿಲ್ಲ, ಧೂಳು,” ಎಂಬ ಕಟ್ಟಿದ ಮೂಗಿನ ದನಿ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ದನಿಯೂ ಇಳಿಯಿತು.

“ಬಾಗಿಲು ತೆಗೀರಿ ಅಮ್ಮ,” ಎಂದಳು ಹೆಂಡತಿ.

“ಬೇಡ. ಮಗು ಇರೋ ಮನೆ. ಅದೇ ಕಾಯಿಲೆ ಆಗಿದ್ರೆ?”

“ಅದನ್ನ ನೋಡೋದೇ ನನ್ನ ಕೆಲಸ. ತೆಗೀರಿ.”

ಚಿಲಕ ಸರಿಯಿತು. ಹೆಂಡತಿ ಮಾಸ್ಕು, ಕೈಗವಸು ಹಾಕಿಕೊಂಡು ಒಳಗೆ ಹೋದಳು. ಆಸ್ಪತ್ರೆಗೆ ಫೋನು ಮಾಡಿ ಸಾಮಗ್ರಿ ತರಿಸಿ, ಮೂಗಿನ ದ್ರವ ತೆಗೆದು ಕಳಿಸಿದಳು. ಫಲಿತಾಂಶ ಮರುದಿನ ಬರಬೇಕು. ಅಲ್ಲಿಯವರೆಗೆ ತಾಯಿ ತಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಮೇಷ್ಟ್ರು ಕಾರಣವಿಲ್ಲದೆ ಗುಂಡನಿಗೆ ಗದರಿದರು. ತಾವು ಹೊತ್ತು ತಂದದ್ದು ನಾಯಿಯೊಂದೇ ಅಲ್ಲವೇನೋ ಎಂಬ ಯೋಚನೆ ಅವರ ತಲೆಯಿಂದ ಹೋಗಲಿಲ್ಲ.

ಫೋನು ಬಂದಾಗ ಹೆಂಡತಿ ಕೇಳಿಸಿಕೊಂಡು, ಮಾಸ್ಕು ಸರಿಪಡಿಸಿಕೊಂಡು ಮತ್ತೆ ಆಚೆ ಹೋದಳು. ಮೇಷ್ಟ್ರು ಹೊಸ್ತಿಲಲ್ಲಿ ನಿಂತರು.

“ಕಾಯಿಲೆ ಇಲ್ಲ ಅಮ್ಮ. ಒಂದು ಮಾತು ಕೇಳ್ತೀನಿ. ಪುಟ್ಟಿ ನಿಮ್ಮ ಹತ್ತಿರ ಬರ್ತಾಳಾ?”

“ಬೆಕ್ಕಾ? ನಾನ್ಯಾಕೆ ಸೇರಿಸ್ಲಿ? ನಂಗೆ ಅದರ ಕೂದಲೇ ಆಗಲ್ಲ. ಚಿಕ್ಕಂದಿನಿಂದ್ಲೂ.”

ಹೆಂಡತಿ ದಿಂಬಿನ ಮೇಲಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಒಂದು ಕೂದಲು, ಹಳದಿ ಬಣ್ಣದ್ದು. ಹೊದಿಕೆಯ ಗುಡ್ಡೆಯೊಂದು ಆಕಳಿಸಿ, ಮೈಮುರಿದು, ಪುಟ್ಟಿಯಾಗಿ ಹೊರಬಂತು.

ವಾರ್ಡನ್ನಮ್ಮ ಗೋಡೆ ನೋಡಿದರು. “ಪಕ್ಕದ ಕಿಟಕಿಯಿಂದ ಬರ್ತಿದ್ಲು. ಬಂದ ಮೊದಲ ರಾತ್ರಿಯಿಂದ,” ಎಂದರು ಮೆಲ್ಲಗೆ. “ಮೊದಲು ಕಿಟಕಿ ಮೇಲೇ ಇರ್ತಿದ್ಲು, ಈಗ ಬೆನ್ನಿಗೆ ಬೆನ್ನು ಕೊಟ್ಟು ಮಲಗ್ತಾಳೆ. ಹೋಗು ಅನ್ನೋಕೆ ಬಾಯಿ ಬರಲಿಲ್ಲ.”

ಮೇಷ್ಟ್ರಿಗೆ ನಗು ಬಂತು. ಆದರೆ ಆ ಹಾಸಿಗೆಯ ಅಗಲವನ್ನೂ ಅದರಲ್ಲಿ ಒಬ್ಬರೇ ಮಲಗಿದ ಗುರುತನ್ನೂ ಕಂಡು ನಗಲಿಲ್ಲ.

ಚೀಟಿ ಕಿತ್ತ ದಿನ ಹೆಂಡತಿ ಬೆಳಿಗ್ಗೆಯೇ ಆಸ್ಪತ್ರೆಗೆ ಹೊರಟಳು. ಮೇಷ್ಟ್ರು ಪೆಟ್ಟಿಗೆಗಳ ನಡುವೆ ನಿಂತು, ಹಗ್ಗ ಬಿಗಿಯುವುದೋ ಬಿಚ್ಚುವುದೋ ತಿಳಿಯದೆ ಒದ್ದಾಡುತ್ತಿದ್ದಾಗ ವಾರ್ಡನ್ನಮ್ಮ ಬಂದರು.

“ಇನ್ನೂ ಕಟ್ಟೇ ಇಟ್ಟಿದೀರಾ? ನನ್ನ ಹಾಸ್ಟೆಲ್ಲಲ್ಲಿ ಹೀಗೆ ಸಾಮಾನು ಬಿಚ್ಚದೆ ಇಟ್ಟಿದ್ರೆ ರಾತ್ರಿ ಊಟ ಇರ್ತಿರಲಿಲ್ಲ,” ಎಂದು ಗದರಿದರು. ಮಾತ್ರೆಯ ಬಲದಿಂದ ಮೂಗು ತೆರೆದಿತ್ತು. “ಗುಂಡನ ಹಗ್ಗ ಕೊಡಿ. ನಿಮ್ಮ ತಾಯಿಗೆ ಊರು ತೋರಿಸಬೇಕು.”

ಅವರು ಹೋದ ಮೇಲೆ ಮೇಷ್ಟ್ರು ಮೊದಲ ಪೆಟ್ಟಿಗೆ ಬಿಚ್ಚಿದರು. ಪಾತ್ರೆಗಳನ್ನು ಒಂದೊಂದಾಗಿ ಗೂಡಿಗೆ ಜೋಡಿಸುತ್ತಾ ಕಿಟಕಿಯಾಚೆ ನೋಡಿದರು. ಮಾಸ್ಕು ಕಟ್ಟಿದ ಇಬ್ಬರು ಮುದುಕಿಯರು ರಸ್ತೆಯ ತಿರುವಿನ ತನಕ ಹೋಗಿದ್ದರು. ಅಲ್ಲಿ ಎಡಕ್ಕೆ ಒಬ್ಬರು, ಬಲಕ್ಕೆ ಒಬ್ಬರು ಕೈ ತೋರಿಸುತ್ತಿದ್ದರು. ಗುಂಡ ನಡುರಸ್ತೆಯಲ್ಲಿ ಕೂತುಬಿಟ್ಟಿತ್ತು. ಸ್ವಲ್ಪ ಹೊತ್ತು ಎಳೆದು ನೋಡಿದ ಮೇಲೆ ಅವರು ಹಗ್ಗ ಸಡಿಲಬಿಟ್ಟು, ಯಾರದೋ ಮನೆಯ ಮೆಟ್ಟಿಲ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಆ ಮನೆಯ ಪರದೆ ಒಂದಿಷ್ಟು ಸರಿಯಿತು. ಆಮೇಲೆ ಕಿಟಕಿ ತೆರೆಯಿತು.