ಸೊಟ್ಟ ಗಡಿಗೆಯ ಸೇಡು

ನಾನು ಒಂದು ಗಡಿಗೆ. ಎಡಕ್ಕೆ ವಾಲಿದ್ದೇನೆ, ತಳ ದಪ್ಪ, ಬಾಯಿ ಸೊಟ್ಟ. ಇದನ್ನೆಲ್ಲ ನಾನೇ ಮೊದಲು ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ನಾನು ಮರೆಯುವವನಲ್ಲ. ಕಮಲಾಕ್ಷಿ ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ.

ನಾನು ಹುಟ್ಟಿದ್ದು ಧಾರವಾಡದಲ್ಲಿ, ನಾಗವೇಣಿ ಕುಂಬಾರರ ಅಂಗಳದಲ್ಲಿ. ತಿಗರಿ ತಿರುಗಿಸದೆ ಬರಿಗೈಯಲ್ಲಿ ಮಡಕೆ ಮಾಡುವುದನ್ನು ಅವರು ಭಾನುವಾರಗಳಂದು ಆಸಕ್ತರಿಗೆ ಕಲಿಸುತ್ತಿದ್ದರು. ಕಲಿಯಲು ಬಂದವರಲ್ಲಿ ಶಿವಲೀಲಾ ಒಬ್ಬಳು. ಅವಳ ಮಗಳು ಚೇತನಾಳ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಮದುವೆಗೆ ಐರಾಣಿ ಗಡಿಗೆ ಬೇಕೇಬೇಕು. ಕುಂಬಾರರ ಮನೆಯಿಂದ ವಾದ್ಯದೊಡನೆ ಹೊತ್ತು ತಂದು, ದೇವರ ಮುಂದೆ ಅಕ್ಕಿಯ ಮೇಲಿಟ್ಟು, ನೀರು ತುಂಬಿ ಪೂಜಿಸುತ್ತಾರೆ. ಆ ಗಡಿಗೆಯನ್ನು ತಾನೇ ಮಾಡಬೇಕೆಂಬುದು ಶಿವಲೀಲಾಳ ಆಸೆ. ಆ ಮನೆಯಲ್ಲಿ ಅವಳು ತನಗಾಗಿ ಬೇರೇನನ್ನೂ ಕೇಳಿದವಳಲ್ಲ.

ಮೊದಲ ದಿನ ನಾಗವೇಣಿ ಹೇಳಿದ್ದು ಇಷ್ಟೇ: "ಮಣ್ಣಾಗ ಗಾಳಿ ಉಳೀಬಾರದವ್ವಾ. ಉಳಿದ್ರ ಬೆಂಕ್ಯಾಗ ಒಡೀತೈತಿ. ಸಿಟ್ಟು ಬಂದವರಂಗ ಬಡೀರಿ."

ಉಳಿದವರು ನಗುತ್ತಾ ಬಡಿದರು. ಶಿವಲೀಲಾ ನಗಲಿಲ್ಲ. ಇನ್ನೂ ಮಣ್ಣಿನ ಮುದ್ದೆಯಾಗಿದ್ದ ನನ್ನನ್ನು ಎತ್ತಿ ಕಲ್ಲಿನ ಮೇಲೆ ಕುಕ್ಕಿದಳು, ಮಡಚಿ ಗುದ್ದಿದಳು, ಮತ್ತೆ ಕುಕ್ಕಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಮಣ್ಣನ್ನು ಉದ್ದಕ್ಕೆ ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಿ ನನ್ನನ್ನು ಕಟ್ಟಿದಳು. ಎಲ್ಲಿ ಕುಸಿದೀತೋ ಎಂಬ ಹೆದರಿಕೆಗೆ ತಳಕ್ಕೆ ಮಣ್ಣು ಮೆತ್ತಿದಳು, ಮತ್ತಷ್ಟು ಮೆತ್ತಿದಳು. ಹೊಸಬರು ಮಾಡುವ ತಪ್ಪು ಅದು. ನಾನು ಒರಳಿನಷ್ಟು ಭಾರವಾದೆ.

ಆವಿಗೆಯ ಬೆಂಕಿಯಲ್ಲಿ ಬೆಂದು ನಾನು ಹೊರಬಂದ ದಿನ ಕಮಲಾಕ್ಷಿ ಬಂದಳು. ಶಿವಲೀಲಾಳ ಗಂಡನ ಅಣ್ಣನ ಹೆಂಡತಿ. ಮನೆಗೆ ಹಿರಿಯಳು. ಆ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಸಿಡಿಯುವುದೂ ಅವಳ ಅಪ್ಪಣೆಯಿಂದಲೇ. ನನ್ನನ್ನು ಕಾಲ್ಬೆರಳಿನಿಂದ ಅಲುಗಾಡಿಸಿ ಎಲ್ಲರೆದುರು ಹೇಳಿದಳು:

"ಏನವಾ ಶಿವಲೀಲಾ, ಗಡಿಗಿ ಮಾಡೀಯೋ ಏನ್ ಎಮ್ಮಿ ಹೊಟ್ಟಿ ಮಾಡೀಯೋ? ಇದನ್ನ ದೇವರ ಮುಂದ ಇಟ್ರ ಹುಡುಗಿ ಸಂಸಾರಾನೂ ಸೊಟ್ಟ ಆಗ್ತೈತಿ."

"ನೀವು ಹೆಂಗ ಅಂತೀರಿ ಹಂಗ, ಅಕ್ಕಾರ," ಎಂದಳು ಶಿವಲೀಲಾ. ಅಷ್ಟೇ. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಆವಿಗೆಯ ಬೆಂಕಿಯೇ ವಾಸಿ. ಈ ಕಮಲಾಕ್ಷಿಯನ್ನು ಬಿಡಬಾರದು ಎಂದು ಅವತ್ತೇ ನಿಶ್ಚಯಿಸಿದೆ.

ಮದುವೆಮನೆಯಲ್ಲಿ ನನ್ನನ್ನು ಹಿತ್ತಲ ನಲ್ಲಿಯ ಕೆಳಗೆ ಇಟ್ಟರು, ಬಂದವರು ಕಾಲು ತೊಳೆಯಲು. ನನ್ನ ಜಾಗಕ್ಕೆ ಕಮಲಾಕ್ಷಿ ಪೇಟೆಯ ಫ್ಯಾನ್ಸಿ ಅಂಗಡಿಯಿಂದ ಬಂಗಾರದ ಬಣ್ಣದ ಗಡಿಗೆ ತಂದಿದ್ದಳು. ಕನ್ನಡಿ ಚೂರು, ಮುತ್ತಿನ ಸರ, ಏನು ಥಳಕು! ಆದರೆ ಅದು ಹೂಗಿಡ ನೆಡುವ ಕುಂಡ. ತಳದಲ್ಲಿ ನೀರು ಬಸಿಯಲು ತೂತಿತ್ತು. ತೂತಿನ ಮೇಲೆ ಅಂಗಡಿಯವನ ಕಾಗದದ ಚೀಟಿ ಅಂಟಿತ್ತು. ಚೆಂದಕ್ಕೆ ಮರುಳಾದವಳು ತಳ ತಿರುಗಿಸಿ ನೋಡಿರಲಿಲ್ಲ.

ಬೀಗರೆಲ್ಲ ಕೂತಿದ್ದಾಗ ಹೆಂಗಸರು ಹಾಡು ಹೇಳುತ್ತಾ ನೀರು ತುಂಬಿದರು. ಚೀಟಿ ನೆನೆದು ಕಿತ್ತುಬಂತು. ನೀರು ಅಕ್ಕಿಯನ್ನು ತೊಯಿಸಿ ಕಮಲಾಕ್ಷಿಯ ಇಳಕಲ್ ಸೀರೆಯವರೆಗೂ ಹರಿಯಿತು. ಹಾಡು ನಿಂತಿತು.

"ಅಯ್ಯ ಶಿವನ! ಐರಾಣ್ಯಾಗ ನೀರ ನಿಲ್ಲವಲ್ತು!" ಎಂದು ಬೀಗರ ಮುದುಕಿ ಎದ್ದು ನಿಂತಿತು. "ಬ್ಯಾರೆ ಗಡಿಗಿ ಇಲ್ಲೇನ್ರಿ?"

"ಅವ್ವ ಮಾಡಿದ್ದು ಹಿತ್ತಲದಾಗ ಐತ್ರಿ," ಎಂದಳು ಮದುಮಗಳು ಚೇತನಾ. ಗಟ್ಟಿಯಾಗಿಯೇ ಹೇಳಿದಳು. ನನಗೂ ಕೇಳಿಸಿತು.

ಮುದುಕಿ ಬಂದು ನನ್ನನ್ನು ಬೆರಳಿನಿಂದ ಬಡಿದು ನೋಡಿತು. "ಗಟ್ಟಿ ಐತಿ. ಹಿರೇ ಮುತ್ತೈದಿ ಯಾರು? ಆಕೀನಽ ತೊಳದು ಕುಂಬಾರರ ಮನಿಗೆ ಒಯ್ದು, ಅಲ್ಲಿಂದ ವಾದ್ಯದ ಜೋಡಿ ಹೊತ್ಕೊಂಡು ಬರ್ಲಿ."

ಹಿರೇ ಮುತ್ತೈದೆ ಯಾರು? ಕಮಲಾಕ್ಷಿಯೇ! ನಾಗವೇಣಿಯ ಅಂಗಳದಿಂದ ನಮ್ಮ ಮನೆಯವರೆಗೆ, ಸುಡುಬಿಸಿಲಿನಲ್ಲಿ, ನಾನು ಅವಳ ತಲೆಯ ಮೇಲೆ ಕೂತು ಬಂದೆ. ಎಮ್ಮೆ ಹೊಟ್ಟೆ ಎಷ್ಟು ಭಾರ ಎಂದು ಅವಳ ಕುತ್ತಿಗೆಗೆ ತಿಳಿಯಿತು. ವಾಲಿದ ನನ್ನ ಮೇಲಿಂದ ಒಂದು ಕೈಯನ್ನೂ ತೆಗೆಯುವಂತಿರಲಿಲ್ಲ. ಕುಂಕುಮ ಬೆವರಿನಲ್ಲಿ ಕರಗಿ ಮೂಗಿನ ಮೇಲೆ ಇಳಿಯಿತು.

"ಭಾಳ ವಜ್ಜಿ ಏನ್ರಿ ಅಕ್ಕಾರ?" ಎಂದು ಯಾರೋ ಕೇಳಿದರು.

"ಇಲ್ರಿ, ಹೂವಿನಂಗ ಐತಿ!" ಎಂದಳು, ಹಲ್ಲು ಕಚ್ಚಿ.

ನನಗೆ ಹಬ್ಬವಾಯಿತು. ಈ ದಾರಿ ಮುಗಿಯದಿರಲಿ ಎಂದು ಬೇಡಿಕೊಂಡೆ. ಅಕ್ಕಿಯ ಮೇಲೆ ಕೂತು ತುಂಬಿದ ನೀರನ್ನೆಲ್ಲ ಹಿಡಿದೆ. ಮೈ ಒಂದಿಷ್ಟು ಜಿನುಗಿತು, ಸೋರಲಿಲ್ಲ. ಶಿವಲೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಮರುದಿನದಿಂದ ಕಮಲಾಕ್ಷಿ ಊರ ತುಂಬ ಹೇಳಿಕೊಂಡು ತಿರುಗಿದಳು: "ಐರಾಣಿ ನಾನಽ ಹೊತ್ತು ತಂದೆ. ಮಾನ ಉಳಿಸಿದೆ." ಮಾಡಿದವಳ ಹೆಸರು ಒಮ್ಮೆಯೂ ಬಾಯಿಗೆ ಬರಲಿಲ್ಲ. ತೀರಿದ್ದ ಲೆಕ್ಕ ಮತ್ತೆ ತೆರೆಯಿತು.

ಈಗ ನನಗೆ ವಯಸ್ಸಾಗಿದೆ. ಬಾಯಿಯ ಅಂಚು ಒಡೆದಿದೆ, ಮೈಗೆ ಉಪ್ಪು ಹತ್ತಿದೆ. ಶಿವಲೀಲಾಳ ಪಡಸಾಲೆಯ ಮೂಲೆಯಲ್ಲಿ ಕುಡಿಯುವ ನೀರು ಹಿಡಿದು ಕೂತಿರುತ್ತೇನೆ. ಅದೇ ಪಡಸಾಲೆಯಲ್ಲಿ ಅವಳೇ ಈಗ ಮಣ್ಣಿನ ಕೆಲಸ ಕಲಿಸುತ್ತಾಳೆ. ಹೋದ ಮುಂಗಾರಿನಲ್ಲಿ ಕಮಲಾಕ್ಷಿ ಕೋಲೂರಿಕೊಂಡು ಬಂದು, "ಕೈ ಸುಮ್ಮನ ಕುಂದ್ರವಲ್ವು, ನನಗೂ ಏನರ ಕಲಿಸವಾ," ಎಂದಳು. ಮೊಮ್ಮಗನಿಗೆಂದು ಮಣ್ಣಿನ ಎತ್ತು ಮಾಡಿದಳು. ಹೊಟ್ಟೆ ಟೊಳ್ಳಾಗಿ ಮಾಡಿ ಸುತ್ತಲೂ ಮುಚ್ಚಿಬಿಟ್ಟಳು. ಗಾಳಿ ಹೋಗಲು ಒಂದು ತೂತೂ ಬಿಡಲಿಲ್ಲ.

ಅದು ಬೆಂಕಿಯಲ್ಲಿ ಸಿಡಿದು ಚೂರಾಗುವುದು ಖಂಡಿತ. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಎಲ್ಲರೆದುರು ಆ ಚೂರುಗಳನ್ನು ಅವಳು ಆರಿಸುವುದನ್ನು ನೋಡಲು ಕಾದು ಕೂತೆ.

ಕಮಲಾಕ್ಷಿ ಕೈ ತೊಳೆಯಲು ಹೋದಾಗ ಶಿವಲೀಲಾ ಎತ್ತನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಅವಳಿಗೂ ಗೊತ್ತಾಯಿತು. ಬಿಡು, ಸುಮ್ಮನೆ ಬಿಟ್ಟುಬಿಡು ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಶಿವಲೀಲಾ ದಬ್ಬಣ ತೆಗೆದುಕೊಂಡು ಎತ್ತಿನ ಹೊಟ್ಟೆಯಡಿ ಮೆಲ್ಲಗೆ ಚುಚ್ಚಿದಳು. ಗುರುತು ಕಾಣದಂತೆ ಒರೆಸಿ ಇಟ್ಟಳು.

ಎತ್ತು ಬೆಂದು ನೆಟ್ಟಗೆ ಹೊರಬಂತು. "ನೋಡವಾ, ಮೊದಲನೇ ಸರ್ತಿಗೇ ಹೆಂಗ ಬಂತು! ನಿನ್ನ ಗಡಿಗಿ ನೋಡು, ಇನ್ನೂ ಸೊಟ್ಟನಽ ಐತಿ," ಎಂದಳು ಕಮಲಾಕ್ಷಿ.

"ಹೌದ್ರಿ ಅಕ್ಕಾರ," ಎಂದು ಶಿವಲೀಲಾ ನಕ್ಕಳು. ನಿಜವಾದ ನಗು. ಒಳಗೆ ಏನೂ ಇಟ್ಟುಕೊಳ್ಳದ ನಗು.

ಇವಳಿಗೆ ಸಿಟ್ಟೇ ಬರುವುದಿಲ್ಲವೇ ಎಂದು ನಾನು ಬಹಳ ದಿನ ಯೋಚಿಸಿದೆ. ಆಮೇಲೆ ನಾಗವೇಣಿಯ ಅಂಗಳದ ಕಲ್ಲು ನೆನಪಾಯಿತು. ಅವಳು ಮಣ್ಣಿನೊಳಗಿನ ಗಾಳಿಯನ್ನೆಲ್ಲ ಬಡಿದು ಹೊರಹಾಕಿದ್ದಳು. ತನ್ನ ಸಿಟ್ಟನ್ನೆಲ್ಲ ನನ್ನೊಳಗೆ ಹಾಕಿದ್ದಳು.

ನೀರಾದರೆ ನನ್ನ ಮೈಯಿಂದ ಇವತ್ತಿಗೂ ಜಿನುಗುತ್ತದೆ. ಅವಳು ಕೊಟ್ಟ ಸಿಟ್ಟನ್ನು ಮಾತ್ರ ಒಂದು ಹನಿಯೂ ಬಿಟ್ಟಿಲ್ಲ.