ನಾಲ್ಕನೇ ಚೌಕ

ನನಗೆ ಸಿಟ್ಟು ಮೂಗಿನ ತುದೀಲೇ ಇರೋದು. ಇಪ್ಪತ್ತೆರಡು ವರ್ಷದಿಂದ ಹೆಣ್ಣುಮಕ್ಕಳಿಗೆ ಖೋಖೋ ಹೇಳಿಕೊಡ್ತಾ ಇದೀನಿ, ಸೀಟಿ ಬಾಯಲ್ಲಿಟ್ಕೊಂಡೇ ಬೈಯ್ತಾಳೆ ಅಂತ ತರೀಕೆರೆ ತುಂಬ ಹೆಸರು. ಪೀಟಿ ಲಿಂಗಮ್ಮ ಅಂದ್ರೆ ಸಾಕು, ಬಸ್‌ಸ್ಟ್ಯಾಂಡಲ್ಲೇ ನಮ್ಮ ಮನೆ ದಾರಿ ತೋರಿಸ್ತಾರೆ. ಇಂಥ ಬಾಯಿಗೆ ಒಂದೇ ಒಂದು ಮಾತು ಮೂವತ್ತು ವರ್ಷದಿಂದ ಆಡೋಕಾಗಿರಲಿಲ್ಲ. ಗ್ಯಾಲರಿ ಮುಚ್ಚೋ ದಿನವಾದ್ರೂ ಅದನ್ನ ಕಲ್ಲಮ್ಮತ್ತೆ ಮುಂದೆ ಆಡಿಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡ್ಕೊಂಡೇ ಆ ಭಾನುವಾರ ಮಧ್ಯಾಹ್ನ ಮನೆ ಬಿಟ್ಟೆ.

ಗ್ಯಾಲರಿ ಅಂದ್ರೆ ನಮ್ಮೂರಿನ ಹಳೇ ಆಟದ ಬಯಲು. ಒಂದು ಮಗ್ಗುಲಿಗೆ ಏಳು ಸಾಲು ಕಲ್ಲಿನ ಮೆಟ್ಟಿಲು, ಸುತ್ತ ಕಾಂಪೌಂಡು, ನಡುವೆ ಕೆಂಪು ಮಣ್ಣು. ನಮ್ಮಪ್ಪನ ಕಾಲದಲ್ಲಿ ಕುಸ್ತಿ, ನಮ್ಮ ಕಾಲದಲ್ಲಿ ಕಬಡ್ಡಿ, ಖೋಖೋ. ಫೈನಲ್ ಇದ್ದ ದಿನ ಮೆಟ್ಟಿಲು ಸಾಲದೆ ಜನ ಹುಣಸೆಮರ ಹತ್ತಿ ಕೂರೋರು. ಅದನ್ನ ಕೆಡವಿ ಅಂಗಡಿ ಸಾಲು ಎಬ್ಬಿಸ್ತಾರಂತೆ. ಸೋಮವಾರ ಜೆಸಿಬಿ ಬರ್ತದೆ, ಭಾನುವಾರ ಸಂಜೆ ಆರಕ್ಕೆ ಬೀಗ ಅಂತ ಗೇಟಿಗೆ ಕಾಗದ ಅಂಟಿಸಿದ್ರು. ಓದಿ ಹೊಟ್ಟೆ ಉರಿದುಹೋಯ್ತು. ಆದ್ರೆ ಸುಳ್ಳು ಯಾಕೆ ಹೇಳ್ಲಿ, ಮನಸ್ಸಿನ ಒಂದು ಮೂಲೇಲಿ, ಆ ನಾಲ್ಕನೇ ಚೌಕನೂ ಹೋಗ್ತದಲ್ಲ, ಪೀಡೆ ಕಳೀತು ಅಂತಲೂ ಅನ್ನಿಸ್ತು.

ಆಟ ಗೊತ್ತಿಲ್ಲದೋರಿಗೆ ಒಂದ್ಮಾತು ಹೇಳಿಬಿಡ್ತೀನಿ. ಎರಡು ಕಂಬದ ನಡುವೆ ಎಂಟು ಚೌಕ. ಎಂಟು ಜನ ಅದರಲ್ಲಿ ಕುಕ್ಕರಗಾಲಲ್ಲಿ ಕೂತಿರ್ತಾರೆ, ಒಬ್ಬಳು ಇತ್ತ, ಒಬ್ಬಳು ಅತ್ತ ಮುಖ ಮಾಡಿ. ಒಂಬತ್ತನೆಯವಳು ಎದುರಾಳೀನ ಅಟ್ಟಿಸ್ಕೊಂಡು ಓಡ್ತಾಳೆ. ಎದುರಾಳಿ ನುಸುಳಿ ಆಚೆ ಕಡೆಗೆ ಹೋದ್ರೆ ಇವಳು ದಾಟಂಗಿಲ್ಲ. ಕೂತಿರೋಳ ಬೆನ್ನು ತಟ್ಟಿ ‘ಖೋ’ ಅನ್ನಬೇಕು. ಅವಳು ಎದ್ದು ಓಡ್ತಾಳೆ, ತಟ್ಟಿದೋಳು ಆ ಚೌಕದಲ್ಲಿ ಕೂರ್ತಾಳೆ. ತಟ್ಟಲೂಬೇಕು, ಕೂಗಲೂಬೇಕು. ಒಂದಿಲ್ಲದಿದ್ರೂ ಏಳಂಗಿಲ್ಲ, ಎದ್ರೆ ಫೌಲು.

ಗೇಟಿನ ಪಕ್ಕ ಮಂಡಕ್ಕಿ ಮಾರೋ ಕಲ್ಲಮ್ಮತ್ತೆಗೆ ಇದು ರೆಫರಿಗಿಂತ ಚೆನ್ನಾಗಿ ಗೊತ್ತಿತ್ತು. “ಕೈಯೂ ಬೇಕು ಬಾಯೂ ಬೇಕು ಕಣ್ರೇ ಮುಂಡೇವಾ!” ಅಂತ ಕೂತಲ್ಲಿಂದ್ಲೇ ಕೂಗೋಳು. ಅವಳ ಒಬ್ಬಳೇ ಮಗಳು ತನುಜಾ, ನನ್ನ ಜೊತೆಗಾತಿ. ನಾನು ಅಜ್ಜಂಪುರದಿಂದ ಬಸ್ಸಲ್ಲಿ ಬಂದು ತರೀಕೆರೆ ಹೈಸ್ಕೂಲಲ್ಲಿ ಓದ್ತಿದ್ದೆ, ಮಧ್ಯಾಹ್ನದ ಬುತ್ತಿ ತಿಂತಿದ್ದದ್ದು ಅವರ ಮನೆ ಜಗಲೀಲಿ.

ನಾವಿಬ್ರೂ ಒಂದು ಕಳ್ಳಾಟ ಕಲಿತಿದ್ವಿ. ಕಲಿಸಿದೋಳು ನಾನೇ. “ನನ್ನ ದನಿ ಕೇಳಿದ ತಕ್ಷಣ ಎದ್ಬಿಡು ಕಣೇ, ಕೈಗೆ ಕಾಯ್ಬೇಡ. ಅರ್ಧ ಸೆಕೆಂಡು ಉಳೀತದೆ. ಕೈ ಹಿಂದೇನೇ ಬರ್ತದೆ, ಯಾವ ರೆಫರಿಗೂ ತಿಳಿಯಲ್ಲ.” ಅವಳಿಗೆ ಮೊದಮೊದಲು ಭಯ. ಆಮೇಲೆ ನನ್ನ ದನಿಗೆ ಹೆಂಗೆ ಒಗ್ಗಿದ್ಲು ಅಂದ್ರೆ, ಕ್ಲಾಸಲ್ಲಿ ಸುಮ್ನೆ ‘ಖೋ’ ಅಂದ್ರೂ ಬೆಂಚಿಂದ ಎಗರೋಳು. ಎಲ್ಲಾರೂ ನಗೋರು.

ತೊಂಬತ್ನಾಲ್ಕರಲ್ಲಿ ಕಡೂರಿನೋರ ಮೇಲೆ ಫೈನಲ್. ಹತ್ತು ಸೆಕೆಂಡು ಉಳಿದಿದೆ, ಒಬ್ಬಳನ್ನ ಔಟ್ ಮಾಡಿದ್ರೆ ಕಪ್ಪು ನಮ್ಮದು. ಅಟ್ಟಿಸ್ಕೊಂಡು ಓಡ್ತಿದ್ದೋಳು ನಾನು. ಕಡೂರಿನ ಹುಡುಗಿ ನಾಲ್ಕನೇ ಚೌಕದ ಪಕ್ಕ ನುಸುಳಿದ್ಲು. ಅಲ್ಲಿ ಕೂತಿದ್ದೋಳು ತನುಜಾ. ನನಗೆ ಉಸಿರು ನಿಂತುಹೋಗಿತ್ತು. ಇನ್ನೂ ಎರಡು ಮಾರು ದೂರ ಇದ್ದಂಗೇ ‘ಖೋ’ ಅಂತ ಕೂಗಿಬಿಟ್ಟೆ. ಅವಳು ಎದ್ದಳು, ಆ ಹುಡುಗೀನ ಮುಟ್ಟಿಯೂ ಬಿಟ್ಟಳು. ಸೀಟಿ ಬಿತ್ತು, ಫೌಲು.

ರೆಫರಿ ನನ್ನ ಹತ್ರ ಬಂದ್ರು. “ಏನಮ್ಮಾ, ಮುಟ್ಟದೇನೇ ಖೋ ಅಂದ್ಯಾ?” ಗ್ಯಾಲರಿ ಗದ್ದಲದಲ್ಲಿ ನನ್ನ ಕೂಗು ಬೇರೆ ಯಾರಿಗೂ ಕೇಳಿರಲಿಲ್ಲ. ಜಿಲ್ಲಾ ತಂಡಕ್ಕೆ ಆರಿಸೋರು ಹುಣಸೆಮರದ ನೆರಳಲ್ಲಿ ಪುಸ್ತಕ ಹಿಡ್ಕೊಂಡು ಕೂತಿದ್ರು. ಪಂದ್ಯ ಹೆಂಗೂ ಹೋಗಿತ್ತು, ತಪ್ಪು ಯಾರದು ಅನ್ನೋದಷ್ಟೇ ಉಳಿದಿತ್ತು.

“ಇಲ್ಲ ಸಾರ್, ನಾನು ಕೂಗೇ ಇಲ್ಲ. ಅವಳೇ ಎದ್ಬಿಟ್ಟಳು.”

“ಕೂಗಿದ್ಯಲ್ಲೇ ಲಿಂಗಿ?” ಅಂದ್ಲು ತನುಜಾ. ಸಿಟ್ಟಲ್ಲಲ್ಲ, ನಾನೇ ಮರ್ತಿದೀನೇನೋ ಅನ್ನೋ ಥರ ಕೇಳಿದ್ಲು.

“ಅಂತರಘಟ್ಟಮ್ಮನಾಣೆ, ಕೂಗಿಲ್ಲ” ಅಂದೆ.

ಕಲ್ಲಮ್ಮತ್ತೆ ಗೇಟಿಂದ ಓಡಿಬಂದ್ಲು, ಕೈಯಲ್ಲಿ ಮಂಡಕ್ಕಿ ಕಲೆಸೋ ಸೌಟು. “ಅಷ್ಟು ಅವಸರ ಏನೇ ನಿಂಗೆ? ಊರ ಮಾನ ಕಳೆದ್ಯಲ್ಲೇ!” ಅಂತ ಎಲ್ಲಾರ ಎದುರಿಗೂ ಬಾರಿಸಿದ್ಲು. ನನ್ನ ಕೈ ಬೀಳಬೇಕಾಗಿದ್ದ ಬೆನ್ನಿಗೆ ಅವರಮ್ಮನ ಸೌಟು ಬಿತ್ತು. ನಾನು ನೋಡ್ತಾ ನಿಂತಿದ್ದೆ.

ನಾನು ಜಿಲ್ಲೆಗೆ ಹೋದೆ, ರಾಜ್ಯಕ್ಕೆ ಹೋದೆ, ಆ ಸರ್ಟಿಫಿಕೇಟಿನ ಮೇಲೇ ಕೆಲಸ ಸಿಕ್ತು. ಅವಳಿಗೆ ‘ಅವಸರದ ತನುಜಾ’ ಅಂತ ಹೆಸರು ಬಿತ್ತು. ತಂಡದಿಂದ ಬಿಟ್ರು, ಅವಳು ಶಾಲೆ ಬಿಟ್ಟಳು, ಬುಕ್ಕಾಂಬುಧಿಗೆ ಮದುವೆ ಮಾಡಿಕೊಟ್ರು. ಇಪ್ಪತ್ತೆರಡಕ್ಕೆ ಕಾಮಾಲೆ ಬಂತು. ನೋಡೋಕೆ ಹೋಗಿದ್ದೆ. ಕಣ್ಣೆಲ್ಲ ಅರಿಶಿನ. ಗಂಡ, ಮಕ್ಕಳು, ಒಂದರ ಮಾತೂ ಎತ್ತಲಿಲ್ಲ ಪುಣ್ಯಾತ್ಗಿತ್ತಿ. “ಲಿಂಗೀ, ನಿಜ ಹೇಳೇ. ಅವತ್ತು ನೀನು ಕೂಗಲಿಲ್ವಾ? ನಂಗೆ ಕೇಳಿಸ್ತು ಕಣೇ. ನಿನ್ನ ದನೀನೇ” ಅಂದ್ಲು.

ಆಗ ಹೇಳಬಹುದಾಗಿತ್ತು. ಬಾಗಿಲಲ್ಲಿ ಕಲ್ಲಮ್ಮತ್ತೆ ಗಂಜಿ ಲೋಟ ಹಿಡ್ಕೊಂಡು ನಿಂತಿದ್ಲು. ಮಗಳಿಗೆ ಸುಮ್ಸುಮ್ನೆ ಹೊಡೆದೆ ಅಂತ ಅವಳಿಗೆ ಈಗ ಗೊತ್ತಾದ್ರೆ? ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರ್ತದಾ? ಹಂಗಂತ ನನಗೆ ನಾನೇ ನೆಪ ಹೇಳ್ಕೊಂಡೆ. “ಇಲ್ಲ ಕಣೇ, ನಿನ್ನ ಭ್ರಮೆ” ಅಂದೆ. ಎಂಟು ದಿನಕ್ಕೆ ಹೋಗ್ಬಿಟ್ಟಳು.

ಆಣೆ ಇಟ್ಟ ಅವತ್ತಿಂದ ನಾನು ಅಂತರಘಟ್ಟಮ್ಮನ ಗುಡಿ ಕಡೆ ಕಾಲಿಟ್ಟಿಲ್ಲ. ಆದ್ರೆ ಗ್ಯಾಲರಿಗೆ ಹೋಗದೆ ಇರೋಕಾಗ್ತದಾ? ಅನ್ನ ಅದರದ್ದೇ.

ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಶುರುವಾಯ್ತು. ನಾಲ್ಕನೇ ಚೌಕದಲ್ಲಿ ಯಾರೇ ಕೂರ್ಲಿ, ಮುಂಚೆ ಏಳೋರು. ಒಬ್ಬಳಲ್ಲ, ಇಬ್ಬರಲ್ಲ. ಬೈದೆ, ಬಿಸಿಲಲ್ಲಿ ನಿಲ್ಲಿಸ್ದೆ. ಕಳೆದ ವರ್ಷ ಕೃತಿಕಾ ಅನ್ನೋ ಹುಡುಗಿ, ನನ್ನ ತಂಡದಲ್ಲೇ ಗಟ್ಟಿ ಆಟಗಾರ್ತಿ, ಅವಳೂ ಎದ್ದಳು. “ಯಾರೇ ನಿಂಗೆ ಖೋ ಕೊಟ್ಟಿದ್ದು, ನಿಮ್ಮಜ್ಜೀನಾ?” ಅಂತ ಕೂಗಾಡಿದೆ.

“ಕೇಳಿಸ್ತು ಮೇಡಂ. ಯಾರೂ ಮುಟ್ಟಲಿಲ್ಲ, ದನಿ ಮಾತ್ರ ಬಂತು.” ಸ್ವಲ್ಪ ತಡೆದು, “ನಿಮ್ಮ ದನಿ ಥರಾನೇ ಇತ್ತು. ಆದ್ರೆ ಚಿಕ್ಕ ಹುಡುಗೀದು” ಅಂದ್ಲು.

ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಆ ಮಗೂನ ಎರಡು ದಿನ ಮೈದಾನಕ್ಕೇ ಸೇರಿಸಲಿಲ್ಲ. ಸಂಜೆ ಎಲ್ಲಾ ಹೋದ ಮೇಲೆ ನಾನೇ ಆ ಚೌಕದ ಹತ್ರ ನಿಂತು ನೋಡಿದೆ. ಮಣ್ಣಲ್ಲಿ ಎರಡು ಪಾದದ ಗುರುತು, ಮುಂಗಾಲಿನ ಭಾರ ಆಳಕ್ಕೆ ಬಿದ್ದದ್ದು, ಏಳೋಕೆ ಸಿದ್ಧವಾಗಿ ಕೂತೋರದ್ದು. ಚಪ್ಪಲೀಲಿ ಒರೆಸಿ ಹಾಕಿ ಬಂದೆ. ಬೆಳಿಗ್ಗೆ ಹೋದ್ರೆ ಮತ್ತೆ ಹಂಗೇ ಇತ್ತು. ಭಯ ಆಯ್ತು ಕಣ್ರೀ. ತನುಜಾ ಬಂದಿದಾಳೆ ಅಂತ ಅಲ್ಲ, ಎದ್ದು ಹೋಗೋಕೇ ಆಗಿಲ್ಲ ಅವಳಿಗೆ ಅಂತ.

ಆ ಭಾನುವಾರ ಗೇಟಿನ ಹತ್ರ ಹೋದಾಗ ಕಲ್ಲಮ್ಮತ್ತೆ ಬುಟ್ಟಿ ಮುಂದಿಟ್ಕೊಂಡು ಕೂತಿದ್ಲು. ಎಪ್ಪತ್ತೈದು ದಾಟಿದೆ, ಕಣ್ಣು ಮಂಜು.

“ಬಾರಮ್ಮಾ ಮೇಡಮ್ಮ. ನಾಳೆಯಿಂದ ನಾವಿಬ್ರೂ ನಿರುದ್ಯೋಗಿಗಳು.”

“ನೀನು ಅಂಗಡಿ ಸಾಲಿನ ಮುಂದೆ ಕೂತ್ಕೊ ಅತ್ತೆ.”

“ಮಂಡಕ್ಕಿ ಮಾರೋಕೆ ಬಂದಿದ್ನಾ ನಾನು? ಇಲ್ಲಿ ಕೂತ್ರೆ ಅವಳು ಒಳಗೆ ಆಡ್ತಾವಳೆ ಅನ್ನಿಸ್ತದೆ. ಮನೇಲಿ ಹಂಗನ್ನಿಸಲ್ಲ.”

ಹೇಡಿ ನಾನು. “ಆಟ ಮುಗಿಸಿ ಬತ್ತೀನಿ” ಅಂದೆ.

ಹಳೇ ಆಟಗಾರ್ತೀರು ಸೇರಿದ್ರು, ಕೊನೇ ಆಟ ಆಡೋಣ ಅಂತ. ಮಂಡಿನೋವಿನ ಕೆಂಚಮ್ಮನೂ ಸೀರೆ ಎತ್ತಿಕಟ್ಟಿ ಬಂದಿದ್ಲು. ಲೆಕ್ಕ ಹಾಕಿದ್ರೆ ನಾವು ಎಂಟೇ ಜನ. ಏಳು ಜನ ಕೂತ್ರು, ಓಡೋಳು ನಾನು. ಯಾರೂ ಮಾತಾಡ್ಕೊಳ್ಳದೇನೇ ನಾಲ್ಕನೇ ಚೌಕ ಖಾಲಿ ಬಿಟ್ಟಿದ್ರು. ಎದುರಾಳಿಗಳಾಗಿ ಕೃತಿಕಾ ಮತ್ತೆ ಅವಳ ಗೆಳತೀರು. ಮೆಟ್ಟಿಲ ಮೇಲೆ ಐವತ್ತು ಜನ ಇದ್ರೇನೋ. ಕಾವಲಿನ ಚಿಕ್ಕಬೀರಪ್ಪ ಸರಪಳಿ ಹಿಡ್ಕೊಂಡು ಗೇಟಲ್ಲಿ ನಿಂತಿದ್ದ.

ನಕ್ಕೋತ ಆಡಿದ್ವಿ. ಕೆಂಚಮ್ಮ ಎರಡು ಸಲ ಬಿದ್ದಳು, ಶಿಳ್ಳೆ ಬಿತ್ತು. ಆರಕ್ಕೆ ಐದು ನಿಮಿಷ ಇದ್ದಾಗ ಕೃತಿಕಾ ನನ್ನಿಂದ ತಪ್ಪಿಸ್ಕೊಂಡು ನಾಲ್ಕನೇ ಚೌಕದ ಪಕ್ಕ ನುಸುಳಿ ಆಚೆ ಹೋದ್ಲು. ನಾನು ಇನ್ನೂ ಎರಡು ಮಾರು ದೂರ ಇದ್ದೆ. ಬಾಯಿ ತೆಗೆದಿರಲಿಲ್ಲ, ದೇವರಾಣೆ ತೆಗೆದಿರಲಿಲ್ಲ.

“ಖೋ!”

ನನ್ನದೇ ದನಿ. ಹದಿನೈದು ವರ್ಷದ ಲಿಂಗೀದು. ಕೃತಿಕಾ ಗಕ್ಕನೆ ನಿಂತು ನನ್ನ ಮುಖ ನೋಡಿದ್ಲು, ಅವಳಿಗೂ ಕೇಳಿತ್ತು.

ನಾನು ನಿಲ್ಲಲಿಲ್ಲ. ಆ ಎರಡು ಮಾರು ಓಡಿದೆ. ಅವತ್ತು ಓಡದೇ ಇದ್ದ ಎರಡು ಮಾರು. ಖಾಲಿ ಚೌಕದ ಹಿಂದೆ ನಿಂತು, ಕೂತವಳ ಬೆನ್ನು ಎಷ್ಟೆತ್ತರಕ್ಕಿರ್ತದೋ ಅಷ್ಟಕ್ಕೆ ಬಗ್ಗಿ, ಅಂಗೈ ಇಟ್ಟು, ಗಂಟಲು ಹರಿಯೋ ಹಂಗೆ “ಖೋ” ಅಂದೆ. ಅಂಗೈಗೆ ಬೆವರಲ್ಲಿ ನೆಂದ ಹತ್ತಿ ಬಟ್ಟೆ ತಾಗ್ತು. ತಾಗಿ, ಜಾರಿ, ಇಲ್ಲವಾಯ್ತು. ಮುಂದಿನ ಮಣ್ಣು ಒಂದು ಹಿಡಿ ಎದ್ದು ಬಿತ್ತು.

ಖೋ ಕೊಟ್ಟೋಳು ಆ ಚೌಕದಲ್ಲಿ ಕೂರಬೇಕು. ಕೂತೆ.

ಮೆಟ್ಟಿಲ ಮೇಲಿನೋರು ತಮಾಷೆ ಅಂತ ನಕ್ರು. “ಲೇ ಲಿಂಗಿ, ಎದ್ದೇಳೇ, ಬೀಗ ಹಾಕ್ತಾರೆ!” ಅಂದ್ಲು ಕೆಂಚಮ್ಮ. ನಾನು ಗೇಟಿನ ಕಡೆ ತಿರುಗಿ, ಸೀಟಿ ಬೇಡದ ನನ್ನ ದನೀಲೇ ಕೂಗಿ ಹೇಳಿದೆ. “ಕಲ್ಲಮ್ಮತ್ತೇ! ಅವತ್ತು ನಾನು ಕೂಗಿದ್ದೆ. ತನುಜಾ ಅವಸರ ಮಾಡಲಿಲ್ಲ. ನನ್ನ ದನಿ ಕೇಳಿದ್ರೆ ಏಳು ಅಂತ ಕಲಿಸಿದ್ದೂ ನಾನೇ. ಅಂತರಘಟ್ಟಮ್ಮನ ಮೇಲೆ ಸುಳ್ಳು ಆಣೆ ಇಟ್ಟೆ. ಅವಳು ಸಾಯೋವಾಗಲೂ ಸುಳ್ಳೇ ಹೇಳಿದೆ.”

ನಗು ನಿಂತುಹೋಯ್ತು. ಕಲ್ಲಮ್ಮತ್ತೆ ಎದ್ದಳು. ಬುಟ್ಟಿ ಅಲ್ಲೇ ಬಿಟ್ಟು, ಸುಣ್ಣದ ಗೆರೆ ದಾಟಿ, ಒಂದೊಂದೇ ಹೆಜ್ಜೆ ಇಡ್ತಾ ಮೈದಾನದೊಳಗೆ ಬಂದ್ಲು. ಇಷ್ಟು ವರ್ಷದಲ್ಲಿ ಅವಳು ಒಳಗೆ ಬಂದದ್ದು ಅವತ್ತು ಸೌಟು ಹಿಡ್ಕೊಂಡು ಒಂದ್ಸಲ, ಈಗ ಒಂದ್ಸಲ.

“ಕೂಗಿದ್ಯಾ?”

“ಕೂಗಿದ್ದೆ ಅತ್ತೆ.”

“ಅಮ್ಮಾ ನಂಗೆ ಕೇಳಿಸ್ತು, ನಂಗೆ ಕೇಳಿಸ್ತು ಅಂತ ಕೊನೇ ದಿನದವರೆಗೂ ಹೇಳಿದ್ಲು. ಸುಮ್ನಿರೇ ಸುಳ್ಳಿ ಅಂದೆ ನಾನು. ಹೆತ್ತೋಳು ನಾನು ಹಂಗಂದೆ.”

ಕುಕ್ಕರಗಾಲಲ್ಲೇ ಕೂತು ಅಳ್ತಿದ್ದೆ. ಅವಳು ಸುತ್ತಿಕೊಂಡು ನನ್ನ ಹಿಂದೆ ಬಂದು ನಿಂತ್ಲು. ಹೊಡೀಲಿ ಅಂತ ಬೆನ್ನು ಕೊಟ್ಟೆ. ಹೊಡೀಲಿಲ್ಲ. ಒಣಗಿದ, ಎಣ್ಣೆ ಉಪ್ಪಿನ ವಾಸನೆಯ ಅಂಗೈನ ನನ್ನ ಬೆನ್ನ ಮೇಲೆ ಇಟ್ಟಳು. ಖೋ ಕೊಡೋ ಜಾಗದಲ್ಲೇ ಇಟ್ಟಳು, ನಿಯಮ ಗೊತ್ತಿರೋಳು ಅವಳು. ಏಳೋಕೆ ಸಿದ್ಧವಾಗಿ ಮುಂಗಾಲಿಗೆ ಭಾರ ಬಿಟ್ಟು, ಕಿವಿಗೊಟ್ಟು ಕಾದೆ.

ಆಚೆ ಸರಪಳಿ ಸದ್ದಾಯ್ತು. ಸುಮಾರು ಹೊತ್ತು ಆ ಕೈ ಹಂಗೇ ಇತ್ತು. ಆಮೇಲೆ ಎತ್ಕೊಂಡು, ಬಂದ ದಾರೀಲೇ ಗೇಟಿನ ಕಡೆ ನಡೆದು ಹೋದ್ಲು.

ಖೋ ಅನ್ನಲಿಲ್ಲ.